ಯೀ ಕೋಣೆ

ಛತ್ರದಪಾಳ್ಯ
12 ಜೂನ್ 2023

ಲಕ್ಷ್ಮೀದೇವಮ್ಮ ಮಿಸ್ ಅವರಿಗೆ ರಮ್ಯ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೆಯೇ ಇದೆ, ಕಾಗುಣಿತವೂ ಅಷ್ಟೆ. ಕ್ಷಮಿಸಿ ಓದಿಕೊಳ್ಳಿ. ಮೊದಲ ಸಾಲಿನಲ್ಲೇ "ಯೀ ಪತ್ರ" ಎಂದು ಬರೆದೆ. ನಿಮ್ಮ ನೆನಪಾಯಿತು, ಆ ಹಾಳೆ ಹರಿದು ಇನ್ನೊಂದು ತೆಗೆದುಕೊಂಡೆ. ಐದನೇ ಕ್ಲಾಸು ಬಿಟ್ಟು ಹದಿನಾಲ್ಕು ವರ್ಷವಾಯಿತು. ಅಂಗಡಿ ಚೀಟಿ ಬಿಟ್ಟರೆ ಬೇರೇನೂ ಬರೆದವಳಲ್ಲ. ಆಗ ನಿಮ್ಮ ಜೊತೆ ಮೇಷ್ಟ್ರಾಗಿದ್ದ ಹನುಮಂತರಾಯಪ್ಪನವರು ನಿಮ್ಮ ವಿಳಾಸ, ಫೋನ್ ನಂಬರು ಕೊಟ್ಟಿದ್ದರು. ಮೂರು ಸಲ ಮಾಡಿದೆ. ನೀವು "ಹಲೋ" ಎಂದ ಕೂಡಲೇ ಇಟ್ಟುಬಿಟ್ಟೆ. ಹೋದ ವಾರ ನಿಮಗೆ ಮಾತಿಲ್ಲದ ಮೂರು ಕರೆ ಬಂದಿದ್ದರೆ ಅವು ನನ್ನವೇ.

ನೆನಪಿಗೆ ಬಂದೆನೇ? ಛತ್ರದ ಹಿಂದಿನ ಕೋಣೆಯ ಮಾರಕ್ಕನ ಮಗಳು. ಛತ್ರದ ಪಡಸಾಲೆಯಲ್ಲಿ ನಿಮ್ಮ ಸ್ಕೂಲು ನಡೆಯುತ್ತಿದ್ದಾಗ ಬಾಗಿಲ ಪಕ್ಕ, ಶಾಸನದ ಕಲ್ಲಿಗೆ ಒರಗಿ ಕೂರುತ್ತಿದ್ದವಳು. ಸ್ಲೇಟು ಒಡೆದ ವರ್ಷ ನಾನು ಆ ಕಲ್ಲಿನ ಅಕ್ಷರಗಳ ಗುಣಿಯಲ್ಲಿ ಬೆರಳಾಡಿಸಿಯೇ ಬರೆಯಲು ಕಲಿತೆ. ಅದರಲ್ಲಿ "ಈ" ಎಂದು ಎಲ್ಲೂ ಇರಲಿಲ್ಲ. ಹಳೇ ಕಾಲದವರು "ಯೀ" ಎಂದೇ ಕೆತ್ತಿದ್ದರು. ನಾನೂ ಹಾಗೇ ಬರೆದು ನಿಮ್ಮ ಕೈಲಿ ಕಿವಿ ಹಿಂಡಿಸಿಕೊಂಡೆ. "ಕಲ್ಲಿಗೆ ಕಿವಿ ಇಲ್ಲ, ಹಿಂಡೋಕಾಗಲ್ಲ. ನಿನಗಿದೆ" ಎಂದಿದ್ದಿರಿ.

ಈಗ ವಿಷಯಕ್ಕೆ ಬರುತ್ತೇನೆ. ಸ್ಕೂಲು ಮುಚ್ಚಿದ ಮೇಲೆ ಛತ್ರವನ್ನು ರೇಷನ್ ಗೋಡೌನ್ ಮಾಡಿದರು. ಇಲಿ ಬರುತ್ತದೆಂದು ಗೋಡೆಗೆಲ್ಲ ಸಿಮೆಂಟ್ ಮೆತ್ತಿದರು. ಶಾಸನ ಅದರ ಹಿಂದೆ ಹೋಯಿತು. ಈ ವರ್ಷ ಛತ್ರದ ಸಮಿತಿಯವರು ಅದನ್ನು "ಪಾರಂಪರೀಕ ತಂಗುದಾಣ" ಮಾಡುತ್ತಿದ್ದಾರೆ. ಏರ್‌ಪೋರ್ಟಿನಿಂದ, ಬೆಂಗಳೂರಿನಿಂದ ಜನ ಬಂದು ಒಂದೆರಡು ದಿನ ಇದ್ದು ಹೋಗುತ್ತಾರಂತೆ. ನಮ್ಮ ಕೋಣೆ ಖಾಲಿ ಮಾಡಬೇಕು ಎಂದರು. ನಮ್ಮಮ್ಮ, "ನಾವು ನೀರು ಸೇದಿ ದೀಪ ಹಚ್ಚೋ ಮನೆಯೋರು. ಕೋಣೆ ನಮ್ದು ಅಂತ ಕಲ್ಲಲ್ಲೇ ಬರ್ದೈತೆ" ಎಂದಳು. ಅವಳಿಗೆ ಓದಲು ಬರುವುದಿಲ್ಲ, ನನ್ನ ಅಜ್ಜಿ ಹೇಳಿದ್ದನ್ನು ಹೇಳಿದಳು. ಸಮಿತಿಯ ಅಧ್ಯಕ್ಷರು ಅಪ್ಪಯ್ಯಣ್ಣನವರು ಒಪ್ಪಿದರು. "ಕಾಗ್ದ ಇಲ್ಲ, ಪತ್ರ ಇಲ್ಲ. ಕಲ್ಲಲ್ಲಿದ್ರೆ ಇರಿ ಮಾರಕ್ಕ, ಇಲ್ದಿದ್ರೆ ಬಿಡಿ" ಎಂದರು.

ಹೋದ ಬುಧವಾರ ಸಿಮೆಂಟ್ ಕೆತ್ತಿದರು. ನಾವಿಬ್ಬರೂ ಹೂವು ಬಿಡಿಸಲು ತೋಟಕ್ಕೆ ಹೋಗಿದ್ದೆವು. ಬರುವ ಹೊತ್ತಿಗೆ ಕಲ್ಲಿದ್ದ ಜಾಗದಲ್ಲಿ ತೂತು. ಸಿಮೆಂಟಿನ ಜೊತೆಗೇ ಒಡೆದು ಬಂತಂತೆ. ಚೂರುಗಳನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸಿದ್ದರು.

ಮಿಸ್, ಸ್ಕೂಲಿನ ಐವತ್ತನೇ ವರ್ಷಕ್ಕೆ ನೀವು ಸ್ಟೂಲು ಹತ್ತಿ ಇಡೀ ಶಾಸನವನ್ನು ಕೆಂಪು ರಟ್ಟಿನ ಪುಸ್ತಕಕ್ಕೆ ಬರೆದುಕೊಂಡಿರಿ. ನಿಮಗೆ ಸೊಂಟ ಬಗ್ಗುತ್ತಿರಲಿಲ್ಲ. ಕೆಳಗಿನ ಸಾಲನ್ನು ನಾನೇ ಕೂತು ಓದಿ ಹೇಳಿದೆ. "ನೀರು ಸೇದಿ ದೀಪ ಹಚ್ಚುವ ಮನೆಯವರಿಗೆ ಯೀ ಕೋಣೆ ಸಲ್ಲುವುದು." ನೀವು ಬರೆದುಕೊಂಡು, "ನಿಮ್ಮ ಮನೆ ವಿಷಯವೇ ಕಣೇ ಇದು" ಎಂದಿರಿ.

ಆ ಪುಸ್ತಕ ಬೇಕು. ಅಥವಾ ಆ ಹಾಳೆಯ ಜೆರಾಕ್ಸ್ ಆದರೂ ಸಾಕು.

ಇಂತಿ ನಿಮ್ಮ ವಿದ್ಯಾರ್ಥಿನಿ,
ರಮ್ಯ


ದೊಡ್ಡಬಳ್ಳಾಪುರ
3 ಜುಲೈ 2023

ಚಿ. ರಮ್ಯಳಿಗೆ ಆಶೀರ್ವಾದಗಳು.

ನಿನ್ನ ಕಾಗದ ನೋಡಿ ಬಹಳ ಸಂತೋಷವಾಯಿತು. ಈ ಕಾಲದಲ್ಲಿ ಯಾರು ಬರೆಯುತ್ತಾರೆ? ಅಕ್ಷರ ನೀನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ. ಒಂದೇ ಒಂದು ತಪ್ಪು: "ಪಾರಂಪರೀಕ" ಅಲ್ಲ, "ಪಾರಂಪರಿಕ". ಹತ್ತು ಸಲ ಬರೆ ಎನ್ನಬೇಕೆನಿಸಿತು. ಅಭ್ಯಾಸಬಲ.

ಕೆಂಪು ರಟ್ಟಿನ ಪುಸ್ತಕ ನೆನಪಿದೆ. ಮನೆ ಬದಲಾಯಿಸಿದಾಗ ಹಳೆಯ ಪುಸ್ತಕಗಳನ್ನೆಲ್ಲ ಚೀಲಕ್ಕೆ ಹಾಕಿ ಅಟ್ಟಕ್ಕೆ ಏರಿಸಿದ್ದೇವೆ. ನನ್ನ ಮಂಡಿ ಈಗ ಏಣಿ ಹತ್ತುವುದಿಲ್ಲ. ಹುಡುಕಿಸುತ್ತೇನೆ.

ನನ್ನ ಮಗ ಉಮಾಶಂಕರನನ್ನು ನೀನು ನೋಡಿಲ್ಲ. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿ ನಡೆಸುವುದೇ ಅವನ ಉದ್ಯೋಗ. ನಿಮ್ಮ ಛತ್ರದ ಕೆಲಸವೂ ಅವನಿಗೇ ಬಂದಿರಬಹುದು, ವಿಚಾರಿಸುತ್ತೇನೆ. ಬೀಳುವ ಕಟ್ಟಡಕ್ಕೆ ಜೀವ ಬಂದರೆ ಒಳ್ಳೆಯದೇ ಅಲ್ಲವೇ?

ಅಮ್ಮನಿಗೆ ಕೇಳಿದೆನೆಂದು ಹೇಳು. ಮದುವೆಯ ಮಾತೇನಾದರೂ ನಡೆದಿದೆಯೇ?

ಇಂತಿ,
ಲಕ್ಷ್ಮೀದೇವಮ್ಮ


ಛತ್ರದಪಾಳ್ಯ
25 ಜುಲೈ 2023

ಮಿಸ್ ಅವರಿಗೆ ನಮಸ್ಕಾರಗಳು.

ಪಾರಂಪರಿಕ, ಪಾರಂಪರಿಕ. ಹತ್ತು ಸಲವೂ ಬರೆದೆ, ಹಾಳೆ ಇಲ್ಲೇ ಇದೆ.

ನಿಮ್ಮ ಮಗ ಬಂದಿದ್ದರು. ಛತ್ರದ ಕೆಲಸ ಅವರಿಗೆ ಬಂದಿರಬಹುದು ಎಂದು ಬರೆದಿದ್ದಿರಿ. ಮಾರ್ಚ್ ತಿಂಗಳಿಂದಲೂ ಅವರದೇ ಎಂದು ಇಲ್ಲಿ ಬೋರ್ಡು ಹಾಕಿದೆ. ನಿಮಗೆ ಹೇಳಿರಲಿಕ್ಕಿಲ್ಲ. ನಿಮ್ಮ ಮಗ ಎಂದು ತಿಳಿದಾಗ ನನಗೆ ಧೈರ್ಯವೇ ಬಂತು.

ಛತ್ರದ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳು ಎಂದು ಕೇಳಿದರು. ಅಮ್ಮನೇ ಹೇಳಿದಳು. ನನ್ನ ಅಜ್ಜಿ ಮುನಿಗಂಗಮ್ಮನ ಕಾಲಕ್ಕೆ ಹುಣಸೆಹಣ್ಣು, ಬೆಲ್ಲದ ಗಾಡಿಗಳು ಬಂದು ಇಲ್ಲೇ ಇಳಿಯುತ್ತಿದ್ದವಂತೆ. ಪಡಸಾಲೆಯಲ್ಲಿ ಆರು ಒಲೆ ಉರಿಯುತ್ತಿದ್ದವು. ಬಾಗಿಲು ಯಾರಿಗೂ ಮುಚ್ಚಕೂಡದು ಎಂದು ಶಾಸನದಲ್ಲಿತ್ತು, ಮುಚ್ಚುತ್ತಲೂ ಇರಲಿಲ್ಲ. ಆದರೆ ಕೆಲವರು ಹೊರಗಿನ ಜಗಲಿಯಲ್ಲೇ ಮಲಗಿ ಹೋಗುತ್ತಿದ್ದರಂತೆ. ಅವರಿಗೆ ಬಾಗಿಲು ಮುಚ್ಚಲಿಲ್ಲ, ಒಳಗೂ ಕರೆಯಲಿಲ್ಲ. ಅವರಿಗೂ ನೀರು ಕೊಟ್ಟವಳು ನಮ್ಮಜ್ಜಿಯೇ. ಬಾಗಿಲ ಪಕ್ಕ ಬಿಂದಿಗೆ ತುಂಬಿಟ್ಟು ಮೇಲೊಂದು ಲೋಟ ಬೋರಲು ಹಾಕುವುದು ನಮ್ಮ ಮನೆಯ ಬೆಳಗಿನ ಮೊದಲ ಕೆಲಸ.

ಬಸ್ಸು ಬಂದ ಮೇಲೆ ಗಾಡಿಗಳು ನಿಂತವು. ಆಮೇಲೆ ಸ್ಕೂಲು, ಆಮೇಲೆ ಗೋಡೌನು. ಲಾಕ್‌ಡೌನ್ ಆದಾಗ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗಳಿಂದ ಹೊರಟ ಹದಿನಾಲ್ಕು ಜನ ನಡೆದುಕೊಂಡೇ ಊರಿಗೆ ಹೋಗುತ್ತೇವೆಂದು ಬಂದು ಜಗಲಿಯಲ್ಲಿ ಬಿದ್ದುಕೊಂಡಿದ್ದರು. ಅಮ್ಮ ಗೋಡೌನಿನ ಬೀಗ ಒಡೆಸಿ ಒಳಗೆ ಮಲಗಿಸಿದಳು. ಅದಕ್ಕೆ ಬೈಸಿಕೊಂಡಳು. ಛತ್ರ ನಿಜವಾಗಿ ಛತ್ರವಾಗಿದ್ದದ್ದು ಅದೇ ಕೊನೆ.

ನಿಮ್ಮ ಮಗ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಜೊತೆಯವರಿಗೆ, "ಗುರು, ಈ ಹುಡ್ಗೀನ ನೋಡು. ರೇಷ್ಮೆ ಸೀರೆ ಉಡ್ಸಿ ಕೈಗೊಂದು ದೀಪ ಕೊಟ್ಟು ಬಾಗಿಲಲ್ಲಿ ನಿಲ್ಸಿದ್ರೆ ಫೋಟೋ ಹೆಂಗ್ ಬರುತ್ತೆ!" ಎಂದರು. ಬಂದವರ ಎದುರಿಗೆ ದೀಪ ಹಿಡಿದು ನಿಲ್ಲುವ ಕೆಲಸ ನನಗೆ ಕೊಡುತ್ತಾರಂತೆ. ನಮ್ಮ ಕೋಣೆ, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಬರುವ ಹುಡುಗಿಯರು ಬಟ್ಟೆ ಬದಲಾಯಿಸುವ ಕೋಣೆ ಆಗುತ್ತದಂತೆ.

ಅಮ್ಮ, "ದೀಪಕ್ಕೆ ನಾವು ಬೇಕು, ಕೋಣೆಗೆ ಬ್ಯಾಡ್ವೇನಪ್ಪಾ?" ಎಂದಳು. ನಿಮ್ಮ ಮಗ ನಕ್ಕು, "ನೋಡಾಣ ತಾಳಮ್ಮ" ಎಂದರು. ನಗು ಥೇಟ್ ನಿಮ್ಮದೇ.

ಪುಸ್ತಕ ಸಿಕ್ಕಿತೇ?

ಇಂತಿ ನಿಮ್ಮ,
ರಮ್ಯ


ಛತ್ರದಪಾಳ್ಯ
18 ಸೆಪ್ಟೆಂಬರ್ 2023

ಮಿಸ್ ಅವರಿಗೆ ನಮಸ್ಕಾರಗಳು.

ನನ್ನ ಹಿಂದಿನ ಪತ್ರ ತಲುಪಿಲ್ಲವೇನೋ. ಅಥವಾ ಮಂಡಿ ನೋವು ಹೆಚ್ಚಾಗಿದೆಯೇನೋ.

ನಾನು ಕೆಲಸಕ್ಕೆ ಸೇರಿದೆ. ಶನಿವಾರ, ಭಾನುವಾರ ಸಂಜೆ ಸೀರೆ ಉಡಿಸುತ್ತಾರೆ, ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಎಣ್ಣೆ ದೀಪವಲ್ಲ, ಹೊಸ ಟೈಲ್ಸಿಗೆ ಕಲೆಯಾಗುತ್ತದಂತೆ. ಸೆಲ್ ಹಾಕುವ ಪ್ಲಾಸ್ಟಿಕ್ ದೀಪ. ಬಿಂದಿಗೆ ಇಡುತ್ತಿದ್ದ ಕಟ್ಟೆಯನ್ನೂ ಕಿತ್ತರು. ನೀರು ಬಾಟಲಿಯಲ್ಲಿ ಸಿಗುತ್ತದೆ. ನನ್ನ ಜೊತೆ ಓದಿದ ಸುನಿಲ್‌ಕುಮಾರ ಈಗ ಇಲ್ಲಿ ಕಾರು ನಿಲ್ಲಿಸುವ ಕಡೆ ನೋಡಿಕೊಳ್ಳುತ್ತಾನೆ. "ಏನೇ ದೇವತೆ, ಸೆಲ್ ಐತಾ, ಮುಗೀತಾ?" ಎಂದು ರೇಗಿಸುತ್ತಾನೆ.

ನಿಮ್ಮ ಮಗ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವರ ವಂಶದವರೇ ಮೊದಲಿಂದ ಇಲ್ಲಿ ನೀರು ಸೇದಿ ದೀಪ ಹಚ್ತಾ ಬಂದಿರೋದು, ಇವತ್ತಿಗೂ ಇಲ್ಲೇ ಇದಾರೆ" ಎನ್ನುತ್ತಾರೆ. ಎಲ್ಲರೂ ಅಯ್ಯೋ ಪಾಪ ಎನ್ನುವ ಹಾಗೆ ನೋಡಿ ಫೋಟೋ ತೆಗೆಯುತ್ತಾರೆ. ಹೋದ ಭಾನುವಾರ ಅವರು ಹಾಗೆ ಹೇಳಿ ಮುಗಿಸಿದಾಗ ನಾನು, "ಇದನ್ನೇ ಸಮಿತಿಗೂ ಹೇಳ್ತೀರಾ ಅಣ್ಣ?" ಎಂದೆ. ಮೆಲ್ಲಗೆ ಅಂದಿದ್ದೆ. "ಏನಂದೆ?" ಎಂದು ಕೇಳಿದರು. "ಏನಿಲ್ಲಣ್ಣ" ಎಂದೆ.

ಅಕ್ಟೋಬರ್ ಎಂಟಕ್ಕೆ ಸಮಿತಿಯ ಸಭೆ. ಶಾಸನದಲ್ಲಿ ಏನಿತ್ತು ಎಂದು ಅವತ್ತು ತೀರ್ಮಾನ ಮಾಡಿ, ಹೊಸ ಕಲ್ಲಿನಲ್ಲಿ ಅದನ್ನೇ ಕೆತ್ತಿಸುತ್ತಾರೆ. ನಮ್ಮ ಕೋಣೆಯ ವಿಷಯವೂ ಅದರಲ್ಲೇ ಮುಗಿಯುತ್ತದೆ. ನಿಮ್ಮನ್ನೂ ಕರೆದಿದ್ದಾರಂತೆ.

ಒಂದು ಮಾತು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಐದನೇ ಕ್ಲಾಸು ಮುಗಿದಾಗ ನೀವು, "ಆರನೆಯದಕ್ಕೆ ನಮ್ಮ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೇನೆ, ರಜೆ ಮುಗಿದ ಮೇಲೆ ಕರೆಯಲು ಬರುತ್ತೇನೆ" ಎಂದಿದ್ದಿರಿ. ನಾನು ಚೀಲ ಕಟ್ಟಿಕೊಂಡು ಜೂನ್ ಪೂರ್ತಿ ಜಗಲಿಯಲ್ಲಿ ಕೂತಿದ್ದೆ. ಅದನ್ನು ಈಗ ಕೇಳುತ್ತಿಲ್ಲ. ನಿಮಗೂ ತಾಪತ್ರಯಗಳಿದ್ದವು. ಕೆಂಪು ಪುಸ್ತಕ ಒಂದನ್ನು ಮರೆಯದೆ ತನ್ನಿ.

ಇಂತಿ ನಿಮ್ಮ,
ರಮ್ಯ


ಛತ್ರದಪಾಳ್ಯ
11 ಅಕ್ಟೋಬರ್ 2023

ಮಿಸ್ ಅವರಿಗೆ,

ನೀವು ಕಾರಿನಿಂದ ಇಳಿದಾಗ ನಾನೇ ಓಡಿಬಂದು ಬಾಗಿಲು ಹಿಡಿದೆ. "ಚೆನ್ನಾಗಿದ್ದೀಯೇನೇ? ಸಣ್ಣಗಾಗಿದ್ದೀಯ" ಎಂದಿರಿ. ಕೈಯಲ್ಲಿ ವ್ಯಾನಿಟಿ ಬ್ಯಾಗು ಮಾತ್ರ ಇತ್ತು. ಪುಸ್ತಕ ಕಾರಿನಲ್ಲಿರಬೇಕು ಎಂದುಕೊಂಡೆ.

ನೀವು ಅಪ್ಪಯ್ಯಣ್ಣನವರ ಪಕ್ಕ ಕೂತಿರಿ. ಬ್ಯಾಗಿನಿಂದ ಬಿಳಿ ಹಾಳೆ ತೆಗೆದು ಕ್ಲಾಸಿನಲ್ಲಿ ಓದುವಂತೆಯೇ ಓದಿದಿರಿ. "ಈ ಛತ್ರವು ದಾರಿ ನಡೆಯುವವರಿಗೋಸ್ಕರ ಪುಟ್ಟತಾಯಮ್ಮನವರು ಕಟ್ಟಿಸಿದ ಧರ್ಮ. ಈ ಬಾಗಿಲು ಯಾರಿಗೂ ಮುಚ್ಚಕೂಡದು. ಮಂಗಳಮಹಾಶ್ರೀ." ಅಷ್ಟೇ. ಹಾಳೆ ಮಡಚಿದಿರಿ. ಅಮ್ಮ ನನ್ನ ಮುಖ ನೋಡಿದಳು. ಇನ್ನೂ ಓದುವುದಿದೆ, ಈಗ ಬರುತ್ತದೆ ಎಂದು ಅವಳು ಕಾಯುತ್ತಿದ್ದಳು.

ಹಾಳೆ ಕೈಯಿಂದ ಕೈಗೆ ಬಂತು. ನಿಮ್ಮ ದುಂಡು ಅಕ್ಷರ. ಎರಡು ಕಡೆಯೂ "ಈ". ಕಲ್ಲು ನೋಡಿ ಬರೆದಿದ್ದರೆ, ಕಲ್ಲು ನೋಡಿ ಬರೆದ ಪುಸ್ತಕ ನೋಡಿ ಬರೆದಿದ್ದರೂ, ಹಾಗೆ ಬರುತ್ತಿರಲಿಲ್ಲ.

ಇಪ್ಪತ್ತೈದು ಜನರ ಮುಂದೆ ನಾನು ಎದ್ದು ನಿಂತಿದ್ದು ಜನ್ಮದಲ್ಲಿ ಅದೇ ಮೊದಲು. "ಕಲ್ಲಲ್ಲಿ ಈ ಇರ್ಲಿಲ್ಲ, ಯೀ ಇತ್ತು" ಎಂದೆ. ಬೇರೆ ಏನೇನೋ ಹೇಳಬೇಕೆಂದಿದ್ದೆ, ಬಾಯಿಗೆ ಬಂದದ್ದು ಅದೊಂದೇ. ಎಲ್ಲರೂ ನಕ್ಕರು. ಸುನಿಲ್‌ಕುಮಾರ ಹಿಂದಿನಿಂದ, "ಇನ್ನೂ ಯೀ ಬಿಟ್ಟಿಲ್ವೇನೇ?" ಎಂದು ಕೂಗಿದ. ಅಪ್ಪಯ್ಯಣ್ಣನವರು ಕೈಯೆತ್ತಿ ಸುಮ್ಮನಾಗಿಸಿ, "ಏನವ್ವಾ, ಮೇಷ್ಟ್ರಮ್ಮ ತಪ್ಪಿಲ್ದಂಗೆ ಬರ್ದವ್ರೆ ಅನ್ನೋದೇ ನಿನ್ ತಕರಾರಾ?" ಎಂದರು. ಮತ್ತೆ ನಕ್ಕರು.

ನೀವು ನಗಲಿಲ್ಲ. ನೆಲ ನೋಡಿಕೊಂಡು, "ಬರೆಯುವಾಗ ತಿದ್ದಿ ಬರೆದೆ" ಎಂದಿರಿ.

ಏನೇನು ತಿದ್ದಿದಿರಿ ಎಂದು ಯಾರೂ ಕೇಳಲಿಲ್ಲ. ನನಗೂ ಕೇಳಲಾಗಲಿಲ್ಲ. ಕೂತುಬಿಟ್ಟೆ.

ದೀಪಾವಳಿಯ ಹೊತ್ತಿಗೆ ಕೋಣೆ ಬಿಡಬೇಕು. ಅಮ್ಮ ಸಭೆಯಿಂದ ಎದ್ದು ಬಂದವಳು ಯಾರನ್ನೂ ಬೈಯಲಿಲ್ಲ. ನೆನೆಸಿಟ್ಟಿದ್ದ ಬಟ್ಟೆ ಒಗೆಯಲು ಕೂತಳು. ಕತ್ತಲಾಗುವವರೆಗೂ ಒಗೆದಳು.

ಕೆಳಗಿನ ಸಾಲನ್ನು ನಿಮಗೆ ಓದಿ ಹೇಳಿದವಳು ನಾನೇ, ಮಿಸ್. ಅದನ್ನಾದರೂ ಮರೆತಿಲ್ಲ ಎಂದು ಬರೆಯಿರಿ.

ರಮ್ಯ


ದೊಡ್ಡಬಳ್ಳಾಪುರ
26 ನವೆಂಬರ್ 2023

ಚಿ. ರಮ್ಯಳಿಗೆ ಆಶೀರ್ವಾದ.

ಉತ್ತರ ಬರೆಯಲು ತಡವಾಯಿತು. ಮೂರು ಸಲ ಬರೆಯಲು ಕೂತು ಬಿಟ್ಟಿದ್ದೇನೆ.

ಕೆಂಪು ಪುಸ್ತಕವನ್ನು ಗೆದ್ದಲು ತಿಂದಿತ್ತು. ನೆನಪಿನಿಂದ ಬರೆದೆ. ನನ್ನ ವಯಸ್ಸಿನಲ್ಲಿ ನೆನಪು ಎಷ್ಟು ಉಳಿಯುತ್ತದೋ ಅಷ್ಟು ಬರೆದೆ. ಸ್ಟೂಲಿನ ಮೇಲೆ ನಿಂತವಳಿಗೆ ಮೇಲಿನ ಸಾಲುಗಳೇ ಕಾಣುವುದು. ಕೆಳಗಿನದು ಹೇಗಿತ್ತೋ.

ಉಮಾಶಂಕರ ನನಗೆ ಒಬ್ಬನೇ ಮಗ. ಅವನ ಎರಡು ಕೆಲಸಗಳು ಹಿಂದೆ ಕೈಕೊಟ್ಟಿದ್ದವು. ಇದು ಅವನ ಕೈ ಹಿಡಿದಿದೆ. ನೀನು ತಾಯಿಯಾದಾಗ ತಿಳಿಯುತ್ತದೆ. ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ, ಶನಿವಾರ ಭಾನುವಾರ ಬಾ ಎಂದು ಅವನೇ ಹೇಳಿದ್ದಾನೆ.

ಹೊಸ ಶಾಸನ ಗ್ರಾನೈಟಿನಲ್ಲಿ ತಯಾರಾಗಿದೆ. ಕೆಳಗಡೆ "ಪಾಠ: ಲಕ್ಷ್ಮೀದೇವಮ್ಮ, ನಿವೃತ್ತ ಶಿಕ್ಷಕಿ" ಎಂದು ಹಾಕಿಸಿದ್ದಾನೆ. ಬೇಡವೆಂದೆ, ಕೇಳಲಿಲ್ಲ.

ನಿನ್ನ ಕೊನೆಯ ಪತ್ರವನ್ನು ಬಹಳ ಸಲ ಓದಿದೆ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಲಕ್ಷ್ಮೀದೇವಮ್ಮ


ಬಾಶೆಟ್ಟಿಹಳ್ಳಿ
19 ಫೆಬ್ರವರಿ 2024

ಲಕ್ಷ್ಮೀದೇವಮ್ಮ ಮಿಸ್ ಅವರಿಗೆ,

ಯೀ ಪತ್ರ ನಾನು ನಿಮಗೆ ಬರೆಯುವ ಕೊನೆಯದು. ಇದನ್ನು ತಿದ್ದುವುದು ಬೇಡ.

ನಾವು ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಒಂದೇ ಸಾಲಿನಲ್ಲಿ ಎಂಟು ಶೀಟಿನ ಮನೆಗಳು, ನಮ್ಮದು ಕೊನೆಯದು. ಫ್ಯಾಕ್ಟರಿಯೊಂದರಲ್ಲಿ ಇಬ್ಬರೂ ಕಸ ಗುಡಿಸುತ್ತೇವೆ. ದೀಪ ಹಿಡಿಯಲು ಬಾ ಎಂದು ನಿಮ್ಮ ಮಗ ಎರಡು ಸಲ ಹೇಳಿ ಕಳಿಸಿದರು. ಹೋಗಲಿಲ್ಲ. ಈಗ ಬೇರೆ ಯಾವುದೋ ಹುಡುಗಿಯನ್ನು ನಿಲ್ಲಿಸಿ ಅವಳನ್ನೇ ಆ ವಂಶದವಳು ಎನ್ನುತ್ತಾರಂತೆ. ನಿಮ್ಮ ನವೆಂಬರಿನ ಪತ್ರ ತಂದುಕೊಡಲು ಬಂದ ಸುನಿಲ್‌ಕುಮಾರ ಹೇಳಿದ. ಈ ಸಲ ಅವನು ರೇಗಿಸಲಿಲ್ಲ.

ನಿಮಗೆ ಹೇಳಬೇಕಾದ್ದು ಇದಲ್ಲ. ಶಾಸನ ಒಡೆದ ಮಾರನೇ ದಿನ ಅಮ್ಮನಿಗೆ ಬಾವಿಯ ಹತ್ತಿರ ಒಂದು ಅಗಲವಾದ ಕಲ್ಲು ಸಿಕ್ಕಿತ್ತು. ಟ್ರ್ಯಾಕ್ಟರಿಗೆ ತುಂಬುವಾಗ ಬಿದ್ದಿರಬೇಕು. ಒಂದು ಮಗ್ಗುಲು ಒರಟಾಗಿತ್ತು, ಬಟ್ಟೆ ಉಜ್ಜಲು ಚೆನ್ನಾಗಿತ್ತು. ಒರಟು ಮಗ್ಗುಲು ಮೇಲೆ ಮಾಡಿ ಬಚ್ಚಲ ಪಕ್ಕ ಮಣ್ಣಿನಲ್ಲಿ ಹೂತಳು. ಮನೆ ಬಿಡುವಾಗ, "ಅಲ್ಲಿ ಕಲ್ಲಿಗೆಲ್ಲಿ ಹೋಗಾಣ?" ಎಂದು ಅದನ್ನು ಹಾಗೇ ಕಿತ್ತು ಲಗೇಜ್ ಆಟೋಗೆ ಹಾಕಿಸಿದಳು. ಕೆಳಗೆಲ್ಲ ಮಣ್ಣು ಮೆತ್ತಿಕೊಂಡಿತ್ತು. ಯಾರೂ ನೋಡಲಿಲ್ಲ.

ಹೋದ ತಿಂಗಳು ಇಲ್ಲಿನ ಓನರಮ್ಮ, ಕಲ್ಲಿನ ಬುಡದಲ್ಲಿ ನೀರು ನಿಲ್ಲುತ್ತದೆ, ಆಚೆ ಇಡಿ ಎಂದರು. ನಾನು ಮಗುಚಿದೆ. ಮಣ್ಣು, ಅದರಡಿ ಅಂಟಿದ್ದ ಸಿಮೆಂಟಿನ ಚಕ್ಕೆ ಎರಡೂ ಕಳಚಿ ಬಿದ್ದವು. ಎರಡು ಅಕ್ಷರ ಕಂಡವು, ಬೆರಳಾಡಿಸಿದೆ, ಇನ್ನೂ ಎರಡು ಕಂಡವು. "ಯೀ ಕೋಣೆ ಸ". ಅಲ್ಲಿಗೆ ಮುರಿದಿದೆ.

ಅಮ್ಮ ಬಂದು, "ಏನೇ ಅದು ಗೀಟು?" ಎಂದಳು. ಹೇಳಿದೆ. ಬಗ್ಗಿ ಆ ಗೀಟುಗಳ ಮೇಲೆ ಕೈಯಾಡಿಸಿದಳು. "ಅದ್ರು ಮ್ಯಾಲೇ ಒಗ್ದೆನಲ್ಲೇ ಇಷ್ಟು ದಿನ" ಎಂದಳು. ಆ ಸಭೆ ನಡೆಯುತ್ತಿದ್ದಾಗ ಈ ಕಲ್ಲು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು, ಮಿಸ್. ಪಕ್ಕದ ಬಕೆಟ್ಟಿನಲ್ಲಿ ನಮ್ಮ ಬಟ್ಟೆ ನೆನೆಯುತ್ತಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಓದಲು ಬರುವ ನಾನು ಒಂದು ದಿನವೂ ಬಗ್ಗಿ ನೋಡಲಿಲ್ಲ.

ಫೋಟೋ ತೆಗೆದು ಅಪ್ಪಯ್ಯಣ್ಣನವರಿಗೆ ತೋರಿಸಿದೆ. ಈ ಸಲ ಎಲ್ಲವನ್ನೂ ಹೇಳಿದೆ. ಅವರು ಫೋನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಒಡೆದ್ ಕಲ್ಲು ಎಲ್ಲಿಂದಾದ್ರೂ ತರ್ಬೋದು. ಹೊಸ ಕಲ್ಲು ನಿಲ್ಸಾಯ್ತಲ್ಲವ್ವಾ, ಈಗ್ಯಾಕೆ?" ಎಂದರು. ಹೊಸ ಕಲ್ಲನ್ನೂ ನೋಡಿಕೊಂಡು ಬಂದೆ. ಹೊಳೆಯುತ್ತದೆ. ಕಾಗುಣಿತ ಸರಿಯಾಗಿದೆ. ನಿಮ್ಮ ಹೆಸರು ಕೆಳಗಿನ ಸಾಲಿನಲ್ಲಿದೆ, ನಮ್ಮ ಸಾಲು ಇದ್ದ ಜಾಗದಲ್ಲಿ. ಕುಳಿತವರ ತಲೆಯ ಮಟ್ಟಕ್ಕೆ ಬರುತ್ತದೆ.

ಗೆದ್ದಲಿನ ಮಾತನ್ನು ನಾನು ಅಮ್ಮನಿಗೆ ಹೇಳಿಲ್ಲ. ಪುಸ್ತಕ ಸಿಗಲಿಲ್ಲವಂತೆ ಎಂದಷ್ಟೇ ಹೇಳಿದ್ದೇನೆ. ಮಿಸ್ ಒಳ್ಳೆಯವರು, ವಯಸ್ಸಾಯಿತು ಎಂದು ಅವಳು ಇನ್ನೂ ಹೇಳುತ್ತಾಳೆ.

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದೆ. ಅಕ್ಷರ ಹೊರಗಡೆಗೆ ಕಾಣುವ ಹಾಗೆ ಬಾಗಿಲ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅದರ ಮುಂದೆ ಬಿಂದಿಗೆ ತುಂಬಿಟ್ಟು ಮೇಲೆ ಲೋಟ ಬೋರಲು ಹಾಕಿದೆ. ಮೊದಲ ಶಿಫ್ಟಿಗೆ ಹೊರಟಿದ್ದ ಒಬ್ಬ ಬೈಕು ನಿಲ್ಲಿಸಿದ. ಎರಡು ಲೋಟ ನೀರು ಮೊಗೆದು, ಸೀಟಿನ ಮೇಲೆ ಬಿದ್ದಿದ್ದ ಕಾಗೆಯ ಹಿಕ್ಕೆ ತೊಳೆದುಕೊಂಡು, ಲೋಟವನ್ನು ನೆಲದ ಮೇಲೆ ಇಟ್ಟು ಹೋದ. ಲೋಟ ತೊಳೆದೆ. ಬಿಂದಿಗೆ ಮತ್ತೆ ತುಂಬಿಸಿಟ್ಟೆ.

ರಮ್ಯ
ಮಾರಕ್ಕನ ಮಗಳು